ನಾವಿಲ್ಲದಾಗ ಜಿಮೇಲ್ ಯಾರ ಪಾಲಿಗೆ? ಗೂಗಲ್‌ನ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ರಿವ್ಯೂ

ಮೊದಲೇ ಮಾರ್ಕು ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ. ದುಡ್ಡು ಕೊಡಬೇಕಾಗಿಲ್ಲ, ಒಂದು ಚಾ ಕುಡಿದು ಮುಗಿಸುವಷ್ಟರಲ್ಲಿ ಆಗುವ ಕೆಲಸ. ಜಿಮೇಲ್ ಇರುವವರೆಲ್ಲ ಮಾಡಿಟ್ಟುಕೊಳ್ಳಿ. ಒಂದೂವರೆ ಮಾರ್ಕು ಯಾಕೆ ಕಳೆದೆ ಅನ್ನುವುದನ್ನು ಮಾತ್ರ ಪೂರ್ತಿ ಓದಿ, ಯಾಕೆಂದರೆ ಈ ಸೆಟ್ಟಿಂಗ್ ಹಾಕಿ ಇನ್ನು ಎಲ್ಲಾ ಸಸೂತ್ರ ಅಂತ ಕೂತವರ ಮನೆಯಲ್ಲೇ ಮುಂದೆ ಫಜೀತಿ ಆಗುವುದು.

ಇದೇನಪ್ಪಾ ಅಂದರೆ, ನಾವು ತೀರಿಕೊಂಡರೆ ಅಥವಾ ಫೋನ್ ಮುಟ್ಟಲೂ ಆಗದ ಸ್ಥಿತಿ ಬಂದರೆ, ನಮ್ಮ ಗೂಗಲ್ ಅಕೌಂಟಿನಲ್ಲಿರುವ ಫೋಟೋ, ಮೇಲ್, ಡ್ರೈವ್, ಯೂಟ್ಯೂಬ್ ಎಲ್ಲ ಯಾರಿಗೆ ಸಿಗಬೇಕು ಅಂತ ಬದುಕಿದ್ದಾಗಲೇ ಬರೆದಿಡುವ ವ್ಯವಸ್ಥೆ. 2013ರಿಂದಲೂ ಇದೆ. ಶಿರಸಿ ಪೇಟೆಯಲ್ಲಿ ಫೋನ್ ಇಟ್ಟುಕೊಂಡ ಹತ್ತು ಜನರನ್ನು ಕೇಳಿ ನೋಡಿ, ಒಬ್ಬರಿಗೂ ಗೊತ್ತಿರಲಿಕ್ಕಿಲ್ಲ. ಜಮೀನಿಗಾದರೆ ನಮಗೆಲ್ಲ ದಾರಿ ಗೊತ್ತು. ಮರಣ ಪ್ರಮಾಣ ಪತ್ರ, ವಂಶಾವಳಿ ಹಿಡಿದುಕೊಂಡು ನಾಡಕಚೇರಿಗೆ ಅಲೆದರೆ ಇವತ್ತಲ್ಲ ನಾಳೆ ಪೌತಿ ಖಾತೆ ಆಗುತ್ತದೆ, ಪಹಣಿಯಲ್ಲಿ ಹೆಸರು ಬರುತ್ತದೆ. ಜಿಮೇಲ್‌ಗೆ ಪೌತಿ ಖಾತೆ ಅಂತ ಇಲ್ಲ. ಇದ್ದಿದ್ದರಲ್ಲಿ ಅದಕ್ಕೆ ಹತ್ತಿರ ಬರುವುದು ಇದೊಂದೇ.

ನಾನು ಇದನ್ನು ನನ್ನ ಅಕೌಂಟಿಗೂ ಹಾಕಿದ್ದೇನೆ, ಮಾವನ ಅಕೌಂಟಿಗೂ ಹಾಕಿಕೊಟ್ಟಿದ್ದೇನೆ. ನಿಜವಾದ ಪರೀಕ್ಷೆ ಆಗಿದ್ದು ಮಾವನದ್ದರಲ್ಲೇ. ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ ಒಳಗೆ ಸಿಗುವ ಊರು, ಮನೆಯಲ್ಲಿ ಮಾವ ಅತ್ತೆ ಇಬ್ಬರೇ, ಮಗ ಬೆಂಗಳೂರು, ಮಗಳು ಅಮೆರಿಕ. ನಮ್ಮ ಕಡೆ ಎಷ್ಟು ಮನೆಗಳ ಕಥೆ ಇದು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ. ಮಾವನ ಫೋನಿನಲ್ಲಿ ಏನಿದೆ ಅಂತ ನೋಡಿದರೆ ಒಂದು ಕಪಾಟು ತೆರೆದ ಹಾಗೆ ಆಯಿತು. ವರ್ಷಾನುಗಟ್ಟಲೆ ರೆಕಾರ್ಡ್ ಮಾಡಿದ ತಾಳಮದ್ದಳೆ, ಅದರಲ್ಲಿ ಒಂದಷ್ಟು ಯೂಟ್ಯೂಬಿಗೆ ಏರಿಸಿದ್ದಾರೆ, ಉಳಿದದ್ದು ಡ್ರೈವ್‌ನಲ್ಲಿ. ತೋಟದ ಪಹಣಿ, ಸರ್ವೆ ನಕ್ಷೆ, ಬೆಟ್ಟದ ಕಾಗದ ಎಲ್ಲದರ ಫೋಟೋ. ಸೊಸೈಟಿ ಪಾಸ್‌ಬುಕ್ಕಿನ ಒಂದೊಂದು ಪುಟದ ಫೋಟೋ. ಮೊಮ್ಮಗಳು ಹುಟ್ಟಿದಾಗಿನಿಂದ ಬಂದ ಅಷ್ಟೂ ವಿಡಿಯೋ. ಬೆಳೆ ವಿಮೆಯ ರಸೀದಿ ಮೇಲ್‌ನಲ್ಲಿ. ಇದೆಲ್ಲದರ ಪಾಸ್‌ವರ್ಡ್ ಏನು ಅಂತ ಕೇಳಿದರೆ ಮಾವ ಅತ್ತೆಯ ಮುಖ ನೋಡಿದರು, ಅತ್ತೆ ಅಡುಗೆ ಮನೆಗೆ ಹೋದರು.

ಸೆಟ್ಟಿಂಗ್ ಎಲ್ಲಿದೆ ಅಂದರೆ, ಗೂಗಲ್ ಅಕೌಂಟ್ ಪುಟದಲ್ಲಿ 'ಡೇಟಾ ಆ್ಯಂಡ್ ಪ್ರೈವಸಿ' ಒಳಗೆ, ಕೆಳಗೆ ಕೆಳಗೆ ಹೋಗಿ, 'ಮೋರ್ ಆಪ್ಶನ್ಸ್' ಅಡಿಯಲ್ಲಿ ಡಿಜಿಟಲ್ ಲೆಗಸಿಗೆ ಪ್ಲಾನ್ ಮಾಡಿ ಅನ್ನುವ ಹಾಗೆ ಒಂದು ಸಾಲು ಇದೆ. ಹುಡುಕಿದವರಿಗಷ್ಟೇ ಕಾಣುವ ಜಾಗ. ಇಷ್ಟು ಉಪಯೋಗದ ವಸ್ತುವನ್ನು ಇಷ್ಟು ಮೂಲೆಗೆ ಯಾಕೆ ಇಟ್ಟರೋ. ಇದಕ್ಕೇ ನಾನು ಅರ್ಧ ಮಾರ್ಕು ಕಳೆದಿದ್ದು.

ಒಳಗೆ ಹೋದ ಮೇಲೆ ಸಲೀಸು. ಎಷ್ಟು ದಿನ ನಿಮ್ಮ ಸುಳಿವು ಇಲ್ಲದಿದ್ದರೆ ನೀವಿಲ್ಲ ಅಂತ ತಿಳಿಯಬೇಕು ಎಂದು ಮೊದಲು ಕೇಳುತ್ತದೆ. 3, 6, 12 ಅಥವಾ 18 ತಿಂಗಳು. ಆ ಅವಧಿ ಮುಗಿಯುವ ಒಂದು ತಿಂಗಳು ಮೊದಲು ನಿಮ್ಮ ಮೊಬೈಲಿಗೆ ಮೆಸೇಜು, ಮೇಲ್ ಬರುತ್ತದೆ, ಸುಮ್ನೆ ಮರೆತಿದ್ದರೆ ಒಂದು ಸಲ ಲಾಗಿನ್ ಆದರೆ ಸಾಕು, ಎಣಿಕೆ ಮತ್ತೆ ಮೊದಲಿಂದ. ಆಮೇಲೆ ನಂಬಿಕೆಯವರ ಹೆಸರು, 10 ಜನರವರೆಗೆ ಸೇರಿಸಬಹುದು. ಯಾರಿಗೆ ಏನು ಅಂತ ಬೇರೆ ಬೇರೆ ಮಾಡಬಹುದು, ಇದು ನನಗೆ ತುಂಬಾ ಹಿಡಿಸಿತು. ಮಾವ ಫೋಟೋ ಎಲ್ಲ ಮಗಳಿಗೆ ಅಂದರು. ಡ್ರೈವ್ ಮತ್ತು ಮೇಲ್ ಮಗನಿಗೆ. ಯೂಟ್ಯೂಬ್ ಮತ್ತೆ ನನಗೆ. ನನಗೆ ಯಾಕೆ ಅಂತ ಕೇಳಿದ್ದಕ್ಕೆ, ಮಗನಿಗೆ ಭಾಗವತಿಕೆ ತಲೆಗೆ ಹೋಗುವುದಿಲ್ಲ ಅಂದರು. ಆಸ್ತಿ ಪಾಲಿನ ಮಾತಿಗೆ ಕೂತರೆ ಇಷ್ಟು ಬೇಗ ಯಾವ ಮನೆಯಲ್ಲೂ ಮುಗಿಯಲಿಕ್ಕಿಲ್ಲ.

ಮಧ್ಯದಲ್ಲಿ ಒಂದು ಪ್ರಶ್ನೆ ಕೇಳಿದರು ನೋಡಿ, ಇಡೀ ರಿವ್ಯೂ ಅದರ ಮೇಲೇ ನಿಂತಿದೆ. ಅಂಗಳದಲ್ಲಿ ಒಣಗಿ ಬಂದ ಅಡಿಕೆ ರಾಶಿ ಜಗಲಿಯಲ್ಲಿತ್ತು, ಮಾವ ಮೆಟ್ಟುಗತ್ತಿಯ ಮುಂದೆ ಕೂತು ಚಾಲಿ ಸುಲಿಯುತ್ತಿದ್ದರು, ನಾನು ಓದಿ ಹೇಳುತ್ತಿದ್ದೆ. ಕೈ ನಿಲ್ಲಿಸಿ, "ಅಲ್ದಾ ತಮಾ, ಆನು ಸತ್ತಿ ಹೇಳಿ ಗೂಗಲ್ಲಿಗೆ ಹೇಳದು ಯಾರಾ?" ಅಂದರು. ನಾನು ಸತ್ತೆ ಅಂತ ಗೂಗಲ್‌ಗೆ ಹೇಳುವವರು ಯಾರು ಅಂತ.

ಯಾರೂ ಹೇಳುವುದಿಲ್ಲ. ಈ ಸೆಟ್ಟಿಂಗಿನಲ್ಲಿ ಸಾವಿಗೆ ಲೆಕ್ಕವೇ ಇಲ್ಲ. ಅದಕ್ಕೆ ಗೊತ್ತಾಗುವುದು ನೀವು ಸುಮ್ಮನಾಗಿದ್ದೀರಿ ಅನ್ನುವುದು ಮಾತ್ರ. ಲಾಗಿನ್ ಆಗಿದ್ದು, ಜಿಮೇಲ್ ಬಳಸಿದ್ದು, ಗೂಗಲ್‌ನಲ್ಲಿ ಏನಾದರೂ ಹುಡುಕಿದ್ದು, ಇವೆಲ್ಲ ನೀವು ಇದ್ದೀರಿ ಅನ್ನುವುದಕ್ಕೆ ಗುರುತು. ಇದರ ಜೊತೆ ಆಂಡ್ರಾಯ್ಡ್ ಫೋನ್ ತಾನಾಗಿ ಗೂಗಲ್ ಜೊತೆ ಆಗಾಗ ಮಾತಾಡಿಕೊಳ್ಳುತ್ತದಲ್ಲ, ಆ ಚೆಕ್-ಇನ್ ಕೂಡ ಗುರುತೇ.

ಇಲ್ಲೇ ಇರುವುದು ದೊಡ್ಡ ತೊಡಕು. ನಮ್ಮ ಕಡೆ ಯಜಮಾನರು ತೀರಿಕೊಂಡರೆ ಅವರ ಫೋನ್ ಯಾರೂ ಆಫ್ ಮಾಡುವುದಿಲ್ಲ. ಹದಿಮೂರು ದಿನವೂ ಅದಕ್ಕೇ ಕಾಲ್ ಬರುತ್ತಿರುತ್ತದೆ. ಆಮೇಲೆ ಗ್ಯಾಸ್ ಬುಕ್ಕಿಂಗಿಗೆ ಅದೇ ನಂಬರು, ಕರೆಂಟ್ ಬಿಲ್ಲಿಗೆ ಅದೇ ನಂಬರು, ಬ್ಯಾಂಕಿನ ಓಟಿಪಿ ಬರುವುದೂ ಅದಕ್ಕೇ. ಹಾಗಾಗಿ ಫೋನ್ ದೇವರ ಮನೆಯ ಪಕ್ಕದ ಪ್ಲಗ್ಗಿನಲ್ಲಿ ವೈಫೈ ಹಿಡಿದುಕೊಂಡು ಚಾರ್ಜ್ ಆಗುತ್ತಲೇ ಇರುತ್ತದೆ. ಗೂಗಲ್‌ನ ಲೆಕ್ಕದಲ್ಲಿ ಮನುಷ್ಯ ಇನ್ನೂ ಇದ್ದಾನೆ. ಮೂರು ತಿಂಗಳು ಅಂತ ಇಟ್ಟಿದ್ದರೂ ಆ ಮೂರು ತಿಂಗಳ ಎಣಿಕೆ ಶುರುವೇ ಆಗದೆ ಹೋಗಬಹುದು. ಅದಕ್ಕೇ ಇದನ್ನು ಹಾಕಿಕೊಂಡವರು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಬೇಕು: ನಾನು ಹೋದ ಮೇಲೆ ಸಿಮ್ ತೆಗೆದು ಬೇರೆ ಹ್ಯಾಂಡ್‌ಸೆಟ್ಟಿಗೆ ಹಾಕಿಕೊಳ್ಳಿ, ನನ್ನ ಫೋನ್ ಆಫ್ ಮಾಡಿ ಎತ್ತಿಡಿ. ನೀವು ಹೆಸರು ಸೇರಿಸಿದವರಿಗೆ ಗೂಗಲ್ ಈಗ ಏನೂ ತಿಳಿಸುವುದಿಲ್ಲ, ಅವಧಿ ಮುಗಿದ ಮೇಲಷ್ಟೇ ಅವರಿಗೆ ಮೇಲ್ ಹೋಗುವುದು. ನೀವು ಬಾಯಿ ಬಿಟ್ಟು ಹೇಳದಿದ್ದರೆ ಅವರಿಗೆ ಈ ವ್ಯವಸ್ಥೆ ಇದೆ ಅನ್ನುವುದೇ ಗೊತ್ತಿರುವುದಿಲ್ಲ.

ಎರಡನೇ ತೊಡಕು ಹೆಸರು ಸೇರಿಸಿದವರ ಫೋನ್ ನಂಬರ್. ಅವಧಿ ಮುಗಿದು ಅವರಿಗೆ ಮೇಲ್ ಬಂದಾಗ, ಇವರೇ ಅವರು ಅಂತ ಖಾತ್ರಿ ಮಾಡಿಕೊಳ್ಳಲು ನೀವು ಕೊಟ್ಟಿದ್ದ ನಂಬರಿಗೆ ಕೋಡ್ ಬರುತ್ತದೆ. ನಂಬರ್ ಬದಲಾಗಿದ್ದರೆ ಮುಗಿಯಿತು. ಘಟ್ಟದ ಮೇಲಿನ ಊರುಗಳ ವಿಷಯ ನಿಮಗೆ ಗೊತ್ತಲ್ಲ, ಯಾವ ಟವರ್ ಸಿಗುತ್ತದೋ ಆ ಸಿಮ್ಮು. ಪೋರ್ಟ್ ಮಾಡಿಸುವ ತಾಳ್ಮೆ ಯಾರಿಗಿದೆ, ಹೊಸದೊಂದು ಕೊಂಡು ಹಳೆಯದನ್ನು ಬಿಸಾಡುವವರೇ ಜಾಸ್ತಿ. ಹಾಗಾಗಿ ನಾನು ಮಾವನ ಪಟ್ಟಿಯಲ್ಲಿ ಬೆಂಗಳೂರಿನ ಮಗನ ಪೋಸ್ಟ್‌ಪೇಯ್ಡ್ ನಂಬರ್ ಹಾಕಿದೆ, ಬದಲಾಗುವ ಸಂಭವ ಕಡಿಮೆ ಅಂತ. ನನ್ನದೂ ಹಳೇ ನಂಬರೇ.

ಇನ್ನು ಅವರಿಗೆ ಸಿಗುವುದು ಏನು? ಲಾಗಿನ್ ಅಲ್ಲ. ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ನಿಮ್ಮ ಜಿಮೇಲ್ ಒಳಗೆ ಹೋಗಿ ಕೂತು ಮೇಲ್ ಕಳಿಸಲು ಅವರಿಗೆ ಆಗುವುದಿಲ್ಲ, ಪಾಸ್‌ವರ್ಡ್ ರಿಸೆಟ್ ಮಾಡಲೂ ಆಗುವುದಿಲ್ಲ. ನೀವು ಆರಿಸಿ ಕೊಟ್ಟ ಭಾಗದ ನಕಲನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು, ಅಷ್ಟೇ. ಅದಕ್ಕೆ 3 ತಿಂಗಳು ಸಮಯ. ಉಚಿತವಾಗಿ ಸಿಗುವ 15 ಜಿಬಿ ಜಾಗ ತುಂಬಿದ ಅಕೌಂಟ್ ಅಂದುಕೊಳ್ಳಿ, ಅಷ್ಟನ್ನು ಮಳೆಗಾಲದಲ್ಲಿ ನಮ್ಮೂರಿನ ನೆಟ್‌ವರ್ಕಿನಲ್ಲಿ ಇಳಿಸಲು ಹೊರಟರೆ ಕರೆಂಟ್ ಹೋಗುವುದರ ಒಳಗೆ ಮುಗಿಯುತ್ತದಾ? ಮಗನೋ ಮಗಳೋ ತಾವಿದ್ದಲ್ಲೇ ಮಾಡಿಕೊಂಡು ಹಾರ್ಡ್‌ಡಿಸ್ಕಿನಲ್ಲಿ ತರುವುದು ವಾಸಿ.

ಕಡೆಯಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ, ಎಲ್ಲ ಆದ ಮೇಲೆ ಅಕೌಂಟ್ ಅಳಿಸಿಬಿಡಬೇಕಾ ಅಂತ. ಯೂಟ್ಯೂಬ್ ಚಾನಲ್ ಇರುವವರು ಇಲ್ಲಿ ಹುಷಾರು. ಹೌದು ಅಂದರೆ ಎಲ್ಲರಿಗೂ ಕಾಣುವ ವಿಡಿಯೋಗಳೂ ಸೇರಿ ಅಳಿದುಹೋಗುತ್ತವೆ. ಮಾವ ಏರಿಸಿದ ಪ್ರಸಂಗಗಳಲ್ಲಿ ಅರ್ಥ ಹೇಳಿದ ಕೆಲವರು ಈಗ ಇಲ್ಲ, ಆ ದನಿ ಬೇರೆಲ್ಲೂ ಸಿಗುವುದಿಲ್ಲ. ನಾವು ಬೇಡ ಅಂತ ಒತ್ತಿದೆವು. ಹಾಗೇ ಬಿಟ್ಟರೆ ಏನಾಗುತ್ತದೆ? ಎರಡು ವರ್ಷ ಬಳಸದ ಅಕೌಂಟುಗಳನ್ನು ಅಳಿಸಬಹುದು ಅಂತ ಗೂಗಲ್ 2023ರಲ್ಲಿ ನಿಯಮ ತಂದಿತು, ಆ ವರ್ಷದ ಡಿಸೆಂಬರ್‌ನಿಂದ ಜಾರಿಗೂ ಬಂತು. ಯೂಟ್ಯೂಬ್ ವಿಡಿಯೋ ಇರುವ ಅಕೌಂಟನ್ನು ಸದ್ಯಕ್ಕೆ ಅಳಿಸುವ ಯೋಚನೆ ಇಲ್ಲ ಅಂತ ಆಗಲೇ ಹೇಳಿದ್ದಾರೆ. ಸದ್ಯಕ್ಕೆ ಅನ್ನುವುದನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ, ಅದಕ್ಕೇ ಚಾನಲ್ಲಿಗೆ ಬೇರೆ ದಾರಿ ಮಾಡಿದೆವು. ಯೂಟ್ಯೂಬ್ ಸ್ಟುಡಿಯೋದಲ್ಲಿ 'ಪರ್ಮಿಶನ್ಸ್' ಅಂತ ಇದೆ, ಅಲ್ಲಿ ನನ್ನನ್ನು ಮ್ಯಾನೇಜರ್ ಮಾಡಿದ್ದಾರೆ. ಈಗಲೇ ಆಗುವ ಕೆಲಸ, ಯಾರೂ ಸಾಯುವವರೆಗೆ ಕಾಯಬೇಕಾಗಿಲ್ಲ, ಪಾಸ್‌ವರ್ಡೂ ಕೇಳಬೇಕಾಗಿಲ್ಲ. ಇದರಿಂದ ಆದ ಒಂದೇ ತೊಂದರೆ ಅಂದರೆ ಈಗ ಎಡಿಟಿಂಗ್ ಕೆಲಸ ಪೂರ್ತಿ ನನ್ನ ತಲೆಗೆ ಬಿದ್ದಿದೆ.

ಏನೂ ಮಾಡಿಡದೆ ಹೋದವರ ಮನೆಯವರಿಗೂ ಒಂದು ದಾರಿ ಇದೆ. ತೀರಿಹೋದವರ ಅಕೌಂಟ್ ಬಗ್ಗೆ ಗೂಗಲ್‌ಗೆ ಅರ್ಜಿ ಹಾಕಬಹುದು, ಮುಚ್ಚಿಸಲು ಅಥವಾ ಒಳಗಿರುವುದನ್ನು ಕೇಳಲು. ಮರಣ ಪ್ರಮಾಣ ಪತ್ರ, ಅರ್ಜಿದಾರರ ಗುರುತಿನ ಚೀಟಿ ಬೇಕು. ಪಾಸ್‌ವರ್ಡ್ ಅಂತೂ ಯಾವ ಕಾರಣಕ್ಕೂ ಕೊಡುವುದಿಲ್ಲ ಅಂತ ಮೊದಲೇ ಬರೆದಿದ್ದಾರೆ. ಡೇಟಾ ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಆ ಗೋಜಿಗೆ ಮನೆಯವರನ್ನು ತಳ್ಳುವ ಬದಲು ಇವತ್ತು ಹತ್ತು ನಿಮಿಷ ಕೂರುವುದು ಮೇಲು.

ಈಗ ಉಳಿದ ಒಂದು ಮಾರ್ಕಿಗೆ ಬರುತ್ತೇನೆ. ಸಾಯುವುದಕ್ಕಿಂತ ಕಷ್ಟದ್ದು ಅರ್ಧ ಬದುಕಿರುವುದು. ಲಕ್ವ ಹೊಡೆದು ಮಾತು ನಿಂತವರಿಗೆ, ಮರೆವಿನ ಕಾಯಿಲೆಯವರಿಗೆ ಈ ಸೆಟ್ಟಿಂಗ್ ಹೆಚ್ಚೇನೂ ಮಾಡುವುದಿಲ್ಲ. ಕಡಿಮೆ ಅಂದರೂ 3 ತಿಂಗಳು ಕಾಯಬೇಕು, ಆಸ್ಪತ್ರೆಯ ಕೌಂಟರ್ ಮೂರು ದಿನ ಕಾಯುವುದಿಲ್ಲ.

ಕುಮಟಾ ಕಡೆ ನಮ್ಮ ಪರಿಚಯದ ಒಂದು ಮನೆ. ಯಜಮಾನರು ನಿವೃತ್ತರು, ಬ್ಯಾಂಕು, ಎಫ್‌ಡಿ, ಮ್ಯೂಚುವಲ್ ಫಂಡ್ ಎಲ್ಲ ಫೋನಿನಲ್ಲೇ. ಇದ್ದಕ್ಕಿದ್ದ ಹಾಗೆ ಸ್ಟ್ರೋಕ್ ಆಯಿತು. ನಮ್ಮ ಜಿಲ್ಲೆಯಲ್ಲಿ ಇಂಥದ್ದಾದರೆ ಆಂಬುಲೆನ್ಸ್ ಒಂದೋ ಮಣಿಪಾಲದ ಕಡೆ, ಇಲ್ಲಾ ಹುಬ್ಬಳ್ಳಿಯ ಕಡೆ ಓಡಬೇಕು, ಅದು ಬೇರೆಯೇ ಸಂಕಟ. ಐಸಿಯುನಲ್ಲಿ ಮಲಗಿದವರ ಬೆರಳನ್ನು ಹೆಂಡತಿ ಮೆಲ್ಲಗೆ ಎತ್ತಿ ಫೋನಿಗೆ ತಾಗಿಸಿದರಂತೆ. ಅಷ್ಟರಲ್ಲಿ ಚಾರ್ಜ್ ಮುಗಿದು ಫೋನ್ ಒಮ್ಮೆ ಆಫ್ ಆಗಿ, ಮತ್ತೆ ಆನ್ ಮಾಡಿದ್ದರು. ಆಫ್ ಆಗಿ ಆನ್ ಆದ ಫೋನ್ ಮೊದಲ ಸಲ ಬೆರಳಿಗೆ ತೆರೆಯುವುದಿಲ್ಲ, ಪಿನ್ನನ್ನೇ ಕೇಳುತ್ತದೆ. ಪಿನ್ ಗೊತ್ತಿದ್ದವರಿಗೆ ಮಾತು ಬರುತ್ತಿರಲಿಲ್ಲ. ಬ್ಯಾಂಕಿಗೆ ಹೋದರೆ, ನಾಮಿನಿ ನೀವೇ ಹೌದು, ಆದರೆ ಅವರು ಬದುಕಿದ್ದಾರಲ್ಲ ಅಂದರಂತೆ. ಯಾವ ಬ್ಯಾಂಕು ಅಂತ ಹೇಳುವುದಿಲ್ಲ, ನಿಯಮದ ಪ್ರಕಾರ ಅವರು ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ನಾಮಿನಿಗೆ ಜೀವ ಬರುವುದು ಖಾತೆದಾರರ ಜೀವ ಹೋದ ಮೇಲೆಯೇ.

ಇಂಥ ಸಮಯಕ್ಕೆ ಇರುವ ಉಪಾಯಗಳನ್ನು ಹೇಳುತ್ತೇನೆ, ಆ್ಯಪಿನ ರಿವ್ಯೂನಲ್ಲಿ ಇದೆಲ್ಲ ಯಾಕೆ ಅನ್ನಬೇಡಿ. ಜಾಯಿಂಟ್ ಅಕೌಂಟ್, ಅದೂ 'ಐದರ್ ಆರ್ ಸರ್ವೈವರ್', ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದಾದದ್ದು, ಮಾಡಿಸಿದ್ದರೆ ಹೆಂಡತಿಯೇ ದುಡ್ಡು ತೆಗೆಯಬಹುದು, ಅರ್ಧ ತಲೆನೋವು ಅಲ್ಲಿಗೇ ಹೋಯಿತು. ರೋಗಿಗೆ ಪ್ರಜ್ಞೆ ಇದ್ದು ಸಹಿ ಮಾಡಲು ಮಾತ್ರ ಆಗದಿದ್ದರೆ, ಹೆಬ್ಬೆಟ್ಟು ಅಥವಾ ಕಾಲಿನ ಬೆರಳಿನ ಗುರುತು ತೆಗೆದುಕೊಂಡು, ಇಬ್ಬರು ಸಾಕ್ಷಿಗಳ ಎದುರು ದುಡ್ಡು ಕೊಡಲು ರಿಸರ್ವ್ ಬ್ಯಾಂಕಿನ ಸೂಚನೆ ಇದೆ, ಸಾಕ್ಷಿಯಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಇರಬೇಕು. ಬ್ಯಾಂಕಿನವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ. ಪೂರ್ತಿ ಪ್ರಜ್ಞೆ ಇಲ್ಲದಿದ್ದರೆ ಪೋಷಕರನ್ನು ನೇಮಿಸಿ ಅಂತ ಹೈಕೋರ್ಟಿಗೆ ಹೋಗಬೇಕಾಗಬಹುದು, ನಮ್ಮ ಜಿಲ್ಲೆಯವರಿಗೆ ಅದು ಧಾರವಾಡ ಪೀಠ. ಪವರ್ ಆಫ್ ಅಟಾರ್ನಿ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. 1872ರ ಕರಾರು ಕಾಯ್ದೆಯ ಪ್ರಕಾರ ಕೊಟ್ಟವರು ತೀರಿಕೊಂಡರೆ, ಅಥವಾ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಮುಗಿಯುತ್ತದೆ. ಯಾವಾಗ ಬೇಕೋ ಆವಾಗಲೇ ಕೈಕೊಡುವ ಕಾಗದ ಅದು.

ದುಡ್ಡಿನ ವಿಷಯ ಬಂದಿದ್ದಕ್ಕೆ ಇನ್ನೊಂದಿಷ್ಟು. ಗೂಗಲ್ ಸೆಟ್ಟಿಂಗಿನಿಂದ ಗೂಗಲ್ ಪೇ ದುಡ್ಡು ಮಕ್ಕಳಿಗೆ ಹೋಗುತ್ತದಾ ಅಂತ ಮಾವನೂ ಕೇಳಿದರು, ನನ್ನ ಗೆಳೆಯರೂ ಕೇಳಿದರು. ಇಲ್ಲ. ಆ ದುಡ್ಡು ಇರುವುದು ಬ್ಯಾಂಕಿನಲ್ಲಿ, ಆ್ಯಪ್ ಬರೀ ಬಾಗಿಲು. ತೀರಿಹೋದವರ ಪಿನ್ ಒತ್ತಿ ದುಡ್ಡು ತೆಗೆಯುವುದು ಮನೆ ಮನೆಯಲ್ಲೂ ನಡೆಯುತ್ತದೆ, ಆದರೆ ಅಣ್ಣ ತಮ್ಮಂದಿರಲ್ಲಿ ಒಬ್ಬರಿಗೆ ಸಿಟ್ಟು ಬಂದರೆ ಅದೇ ಕೇಸಾಗುತ್ತದೆ. ನಾಮಿನಿ ದಾರಿಯಲ್ಲೇ ಹೋಗಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ 4 ಜನರವರೆಗೆ ನಾಮಿನಿ ಮಾಡಬಹುದು, ಪಾಲು ಇಷ್ಟಿಷ್ಟು ಅಂತಲೂ ಬರೆಸಬಹುದು. ನಾಮಿನಿ ಅಂದರೆ ದುಡ್ಡು ಕೈಗೆ ಪಡೆಯುವವರು, ಪೂರ್ತಿ ಒಡೆಯರಲ್ಲ. ವಾರಸುದಾರರ ಹಕ್ಕು ಹಾಗೇ ಇರುತ್ತದೆ, ಶೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು.

ಅಪ್ಪನ ಹೆಸರಲ್ಲಿ ಎಲ್ಲೆಲ್ಲಿ ಖಾತೆ ಇತ್ತೋ ಗೊತ್ತಿಲ್ಲ ಅನ್ನುವವರು ರಿಸರ್ವ್ ಬ್ಯಾಂಕಿನ 'ಉದ್ಗಮ್' ಪೋರ್ಟಲ್ ನೋಡಿ, 2023ರ ಆಗಸ್ಟ್‌ನಲ್ಲಿ ಶುರುವಾಗಿದ್ದು. ಹತ್ತು ವರ್ಷ ಯಾರೂ ಕೇಳದೆ ಬಿದ್ದ ಠೇವಣಿಗಳನ್ನು ಹೆಸರು ಹಾಕಿ ಹುಡುಕಬಹುದು. ಶಿರಸಿ ಸೀಮೆಯವರಿಗೆ ಒಂದು ಎಚ್ಚರಿಕೆ: ಅದರಲ್ಲಿ ಬರುವುದು ಬ್ಯಾಂಕುಗಳು ಮಾತ್ರ. ನಮ್ಮವರ ದುಡ್ಡು ಅರ್ಧಕ್ಕರ್ಧ ಇರುವುದು ಊರಿನ ಸೊಸೈಟಿಯಲ್ಲಿ, ಅಡಿಕೆ ಹಾಕುವ ಸಂಘದಲ್ಲಿ. ಅವು ಬ್ಯಾಂಕಲ್ಲ, ಉದ್ಗಮ್‌ನಲ್ಲಿ ತಡಕಾಡಿದರೆ ಸಿಗುವುದಿಲ್ಲ. ಸೊಸೈಟಿಗೇ ಹೋಗಿ ಕೇಳಬೇಕು. ಪಾಸ್‌ಬುಕ್ಕಿನ ಪುಟ ಪುಟವನ್ನೂ ಫೋಟೋ ಹೊಡೆದಿಟ್ಟ ಮಾವನ ಚಟಕ್ಕೆ ನಾನು ನಗುತ್ತಿದ್ದೆ, ಇಂಥಲ್ಲಿ ಉಪಯೋಗಕ್ಕೆ ಬರುವುದು ಅದೇ.

ಸಿಮ್ ಬಗ್ಗೆಯೂ ಹೇಳಲೇಬೇಕು. ಫೋನ್ ಆಫ್ ಮಾಡಿ ಅಂದೆನಲ್ಲ, ಸಿಮ್ ಸಾಯಲು ಬಿಡಬೇಡಿ. ಪ್ರೀಪೇಯ್ಡ್ ನಂಬರಿನಿಂದ 90 ದಿನ ಕರೆ, ಮೆಸೇಜು, ಡೇಟಾ ಏನೂ ನಡೆಯದೆ, ಒಳಗೆ 20 ರೂಪಾಯಿಯೂ ಇಲ್ಲದಿದ್ದರೆ ಕಂಪನಿಯವರು ಅದನ್ನು ಬಂದ್ ಮಾಡಬಹುದು, ಆಮೇಲೆ ಅದು ಬೇರೆ ಯಾರಿಗೋ ಹೋಗುತ್ತದೆ. ನಿಮ್ಮ ಅಪ್ಪನ ಬ್ಯಾಂಕ್ ಓಟಿಪಿ ಎಲ್ಲೋ ಯಾರದೋ ಜೇಬಿಗೆ. ಮರಣ ಪ್ರಮಾಣ ಪತ್ರ ಕೊಟ್ಟು ನಂಬರನ್ನು ಮನೆಯವರ ಹೆಸರಿಗೆ ಮಾಡಿಸಿಕೊಳ್ಳುವುದು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಬೇರೆಯವರದ್ದು ಹೇಗಿದೆ? ಕಾರವಾರದಲ್ಲಿರುವ ಅಕ್ಕನ ಹತ್ತಿರ ಐಫೋನ್ ಇದೆ, ಅವಳಿಗೆ ಆ್ಯಪಲ್‌ನ 'ಲೆಗಸಿ ಕಾಂಟ್ಯಾಕ್ಟ್' ಹಾಕಿಕೊಟ್ಟೆ. 2021ರ ಡಿಸೆಂಬರ್‌ನಲ್ಲಿ ಬಂದದ್ದು, 5 ಜನರವರೆಗೆ ಸೇರಿಸಬಹುದು. ಇಲ್ಲಿ ಮೌನದ ಲೆಕ್ಕ ಇಲ್ಲ. ಹೆಸರು ಸೇರಿಸಿದವರ ಹತ್ತಿರ ಕೋಡ್‌ನಂಥ ಒಂದು ಕೀ ಇರುತ್ತದೆ, ಆ ಕೀ ಜೊತೆ ಮರಣ ಪ್ರಮಾಣ ಪತ್ರ ಕೊಡಬೇಕು. ಆಮೇಲೆ 3 ವರ್ಷ ನೋಡಬಹುದು, ಅಲ್ಲಿಗೆ ಅಕೌಂಟ್ ಅಳಿಯುತ್ತದೆ. ಕೀಚೈನ್‌ನಲ್ಲಿರುವ ಪಾಸ್‌ವರ್ಡ್‌ಗಳು, ಕೊಂಡ ಸಿನಿಮಾ, ಹಾಡು ಇದರಲ್ಲಿ ಬರುವುದಿಲ್ಲ. ಕೀಯನ್ನು ಪ್ರಿಂಟ್ ತೆಗೆದು ಭಾವ ಬೀರುವಿನಲ್ಲಿ ಬಂಗಾರದ ಡಬ್ಬಿಯ ಕೆಳಗೆ ಇಟ್ಟಿದ್ದಾರೆ. ಸತ್ತದ್ದನ್ನು ಹೇಳುವವರು ಯಾರು ಅನ್ನುವ ಮಾವನ ಪ್ರಶ್ನೆಗೆ ಇಲ್ಲಿ ಸರಿಯಾದ ಉತ್ತರ ಇದೆ, ಅದೊಂದು ವಿಷಯದಲ್ಲಿ ಆ್ಯಪಲ್ ವಾಸಿ. ಅರ್ಧ ಬದುಕಿದವರಿಗೆ ಇದರಿಂದಲೂ ಉಪಯೋಗ ಇಲ್ಲ.

ಫೇಸ್‌ಬುಕ್‌ನಲ್ಲೂ 2015ರಿಂದ ಲೆಗಸಿ ಕಾಂಟ್ಯಾಕ್ಟ್ ಇದೆ. ಪ್ರೊಫೈಲ್ ಫೋಟೋ ಬದಲಿಸಬಹುದು, ಒಂದು ಪೋಸ್ಟನ್ನು ಪ್ರೊಫೈಲಿನ ಮೇಲ್ಗಡೆ ಹಚ್ಚಿಡಬಹುದು, ಮೆಸೇಜು ಓದಲು ಆಗುವುದಿಲ್ಲ. ಅದೇ ಒಳ್ಳೆಯದು ಬಿಡಿ. ವಾಟ್ಸಾಪ್‌ನಲ್ಲಿ ಅಂಥ ವ್ಯವಸ್ಥೆಯೇ ಇಲ್ಲ, 120 ದಿನ ಬಳಸದಿದ್ದರೆ ಅಕೌಂಟ್ ಅಳಿದುಹೋಗುತ್ತದೆ. ಅತ್ತೆಯ ಅಪ್ಪೆಹುಳಿ ಮಾಡುವ ಕ್ರಮ ಪೂರ್ತಿ ವಾಯ್ಸ್ ಮೆಸೇಜುಗಳಲ್ಲಿದೆ ಅಂದರೆ ಈಗಲೇ ತೆಗೆದು ಬೇರೆಡೆ ಇಟ್ಟುಕೊಳ್ಳಿ.

ಸರ್ಕಾರದ್ದೂ ಒಂದಿದೆ. ಡಿಜಿಲಾಕರ್‌ನಲ್ಲಿ 2025ರ ಏಪ್ರಿಲ್‌ನಿಂದ ಡಿಮ್ಯಾಟ್ (ಶೇರು ಇಡುವ ಖಾತೆ), ಮ್ಯೂಚುವಲ್ ಫಂಡ್ ಲೆಕ್ಕಪತ್ರ ತರಿಸಿಡಬಹುದು, ಅದನ್ನು ನಮ್ಮ ನಂತರ ನೋಡಲು ನಾಮಿನಿ ಹೆಸರು ಹಾಕಬಹುದು. ನೋಡಲು ಮಾತ್ರ, ದುಡ್ಡು ತೆಗೆಯಲು ಅಲ್ಲ. ಆದರೂ ಏನೇನಿದೆ ಅಂತ ಗೊತ್ತಾಗುವುದೇ ದೊಡ್ಡದು. 2023ರ ಡೇಟಾ ಸಂರಕ್ಷಣೆ ಕಾಯ್ದೆಯಲ್ಲಂತೂ ಸತ್ತರೆ ಮಾತ್ರ ಅಲ್ಲ, ದೇಹ ಮನಸ್ಸು ಕೈಕೊಟ್ಟರೂ ನಮ್ಮ ಪರವಾಗಿ ಡೇಟಾ ಹಕ್ಕು ಚಲಾಯಿಸಲು ಒಬ್ಬರನ್ನು ನಾಮಿನಿ ಮಾಡುವ ಹಕ್ಕು ಇದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಜಾರಿ ಹಂತ ಹಂತವಾಗಿ. ಗೂಗಲ್‌ನ ಈ ಸೆಟ್ಟಿಂಗಿಗೆ ಮುಂದೆ ಮಾರ್ಕು ಜಾಸ್ತಿ ಕೊಡುವ ಹಾಗೆ ಆದರೆ ಅದು ಈ ಕಾಯ್ದೆಯ ಒತ್ತಾಯದಿಂದಲೇ.

ಇದೆಲ್ಲ ಉಯಿಲಿನಲ್ಲಿ ಬರೆದರೆ ಸಾಲದಾ ಅಂತ ವಕೀಲರ ಹತ್ತಿರ ಹೋಗುವವರಿಗೆ ಎರಡು ಮಾತು. ಉಯಿಲನ್ನು ಫೋನಿನಲ್ಲಿ ಬರೆದು ಡಿಜಿಟಲ್ ಸಹಿ ಹಾಕಿದರೆ ನಡೆಯುವುದಿಲ್ಲ, 2000ದ ಐಟಿ ಕಾಯ್ದೆಯೇ ಉಯಿಲನ್ನು ಹೊರಗಿಟ್ಟಿದೆ. ಕಾಗದದಲ್ಲೇ ಇರಬೇಕು, ಇಬ್ಬರು ಸಾಕ್ಷಿ ಸಹಿ ಬೇಕು. ಮತ್ತೆ ಅದರಲ್ಲಿ ಪಾಸ್‌ವರ್ಡ್ ಬರೆಯಬೇಡಿ. ಪಾಸ್‌ವರ್ಡ್ ಬದಲಾದಾಗಲೆಲ್ಲ ಉಯಿಲು ತಿದ್ದುತ್ತಾ ಕೂರಲು ಆಗುತ್ತದಾ? ಯಾವ ಅಕೌಂಟ್ ಯಾರಿಗೆ ಅಂತ ಉಯಿಲಿನಲ್ಲಿ, ಫೋನ್ ಪಿನ್ ಮತ್ತು ಮುಖ್ಯ ಪಾಸ್‌ವರ್ಡ್ ಬೇರೆ ಕಾಗದದಲ್ಲಿ, ಲಕೋಟೆಗೆ ಹಾಕಿ ಅಂಟಿಸಿ. ಬ್ಯಾಂಕ್ ಪಿನ್ ಆ ಲಕೋಟೆಯಲ್ಲೂ ಬೇಡ.

ಮಾವನ ಸೆಟ್ಟಿಂಗ್ ಕೊನೆಗೆ ಹೀಗಿದೆ: ಅವಧಿ 6 ತಿಂಗಳು, ಮೂರು ಹೆಸರು, ಅಳಿಸುವುದು ಬೇಡ. 3 ತಿಂಗಳು ಸಾಕು ಅಂತ ನಾನು ಹೇಳಿದ್ದೆ. ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗಿ ಅಲ್ಲಿನ ಸಿಮ್ಮಿನಲ್ಲಿ ಹೊಸ ಫೋನ್ ಹಿಡಿದು ಕೂತರೆ ನನ್ನನ್ನು ಬದುಕಿದ್ದಾಗಲೇ ಸಾಯಿಸುತ್ತೀರಿ ಅಂತ ಮಾವ ಒಪ್ಪಲಿಲ್ಲ. ಅಲ್ಲೂ ಇದೇ ಜಿಮೇಲ್ ಹಾಕಿಕೊಂಡರೆ ಹಾಗಾಗುವುದಿಲ್ಲ ಅಂದೆ. ಆದರೂ ಆರೇ ಇರಲಿ ಅಂದರು. ಅತ್ತೆಯ ಅಕೌಂಟ್ ಇನ್ನೂ ಬಾಕಿ ಇದೆ, ಅವರ ಜಿಮೇಲ್ ಯಾವುದು ಅಂತ ಮೊದಲು ಹುಡುಕಬೇಕು.